ಮೂರು ಸಲ ಕೇಳಿದ್ದರು

ರಿಬ್ಬನ್ನಿನ ಅಂಚಿಗೆ ಕತ್ತರಿ ತಗುಲಿಸಿ ಅವಳು ಮೂರು ಪದಗಳನ್ನು ಒಂದೇ ಎಳೆತಕ್ಕೆ ಕತ್ತರಿಸಿ ತೆಗೆದಳು. ದರ್ಜಿ ಅಂಗಡಿಯಲ್ಲಿ ನಲವತ್ತು ವರ್ಷ ಹೊಲಿದ ಕೈ. ಸ್ಯಾಟಿನ್ನಿನ ಒಂದು ಎಳೆಯೂ ಬಿಡಲಿಲ್ಲ.

“ಅಕ್ಕಾ, ಏನು ಮಾಡ್ತಿದ್ದೀಯ? ಅಷ್ಟು ದೊಡ್ಡವರು ಕಳಿಸಿದ ಹೂವು ಅದು,” ತಮ್ಮ ಬಾಗಿಲ ಕಡೆ ನೋಡುತ್ತ ಪಿಸುಗುಟ್ಟಿದ.

“ಏನು ಬರೆದಿದಾರೆ, ಓದಿದೆಯಾ?”

“ಓದಿದೆ. ‘ನಮ್ಮ ನಿಷ್ಠಾವಂತ ಸಹವಾದಕನಿಗೆ’ ಅಂತ. ಅದರಲ್ಲಿ ತಪ್ಪೇನಿದೆ?”

“ನಿಷ್ಠಾವಂತ ಅಂತ ಕಾವಲು ನಾಯಿಗೆ ಅಂತಾರೆ.”

ಆ ಪದಗಳು ಹೋದ ಮೇಲೆ ರಿಬ್ಬನ್ನಿನಲ್ಲಿ ಉಳಿದದ್ದು ಕಳಿಸಿದ ಗಾಯಕನ ಹೆಸರು, ಅದೂ ಚಿನ್ನದ ಬಣ್ಣದಲ್ಲಿ. ಅವಳು ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಇಡೀ ರಿಬ್ಬನ್ನನ್ನು ಬಿಚ್ಚಿ, ಸುರುಳಿ ಸುತ್ತಿ, ಕೈಚೀಲಕ್ಕೆ ತುರುಕಿದಳು. ಹೂಗಳನ್ನು ಮಾತ್ರ ಪೆಟ್ಟಿಗೆಯ ಕಾಲ ದೆಸೆಯಲ್ಲಿಟ್ಟು, “ಇವೇನು ಪಾಪ ಮಾಡಿವೆ,” ಅಂದಳು.

ಪುರಸಭೆಯ ಅಂತ್ಯಕ್ರಿಯೆ ಕೋಣೆ ಅದು. ಮಡಚುವ ಕುರ್ಚಿ ನಲವತ್ತು, ಗೋಡೆಯ ಮೇಲೆ ಒಂದು ಗಡಿಯಾರ, ಪ್ರತಿ ಕುಟುಂಬಕ್ಕೆ ಒಂದು ಗಂಟೆ. ನಡುವೆ ಮೇಜಿನ ಮೇಲೆ ಅವಳ ಗಂಡನ ಪೆಟ್ಟಿಗೆ, ಪಕ್ಕದ ಕುರ್ಚಿಯ ಮೇಲೆ ಅವನ ಗಿಟಾರ್. ಗಿಟಾರನ್ನು ಮನೆಯಲ್ಲೇ ಬಿಟ್ಟು ಬರೋಣ ಎಂದು ತಮ್ಮ ಬೆಳಿಗ್ಗೆಯಿಂದ ಎರಡು ಸಲ ಹೇಳಿ ನೋಡಿದ್ದ. ಇಲಾಖೆಯವರು ಬರುತ್ತಾರೆ, ಏನಂದುಕೊಂಡಾರು ಎನ್ನುವುದು ಅವನ ಚಿಂತೆ.

ಮೊದಲು ಬಂದವರು ಇಲಾಖೆಯವರೇ. ನೀರು ಸರಬರಾಜಿನ ನೀಲಿ ಅಂಗಿ ತೊಟ್ಟ ಐದು ಮಂದಿ, ಮುಂದೆ ಅವರ ಮೇಸ್ತ್ರಿ. ಸತ್ತವನನ್ನು ಅವರು ಕಿವಿಯಣ್ಣ ಅನ್ನುತ್ತಿದ್ದರು. ಕಬ್ಬಿಣದ ಸರಳಿನ ಒಂದು ತುದಿಯನ್ನು ರಸ್ತೆಯ ವಾಲ್ವಿಗೂ ಇನ್ನೊಂದನ್ನು ಕಿವಿಗೂ ಆನಿಸಿ, ನೆಲದೊಳಗೆ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಹೇಳುವುದು ಅವನ ಕೆಲಸವಾಗಿತ್ತು. ಅವನು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಕಡೆ ಅಗೆದರೆ ನೀರು ಸಿಕ್ಕೇ ಸಿಗುತ್ತಿತ್ತು.

ಮೇಸ್ತ್ರಿ ಪೆಟ್ಟಿಗೆಯೊಳಗಿನ ಎಡಗೈಯನ್ನು ನೋಡುತ್ತ ನಿಂತ. “ಈ ಬೆರಳ ತುದಿ ಜಡ್ಡುಗಟ್ಟಿದೆಯಲ್ಲ, ವಾಲ್ವ್ ತಿರುಗಿಸಿ ತಿರುಗಿಸಿ ಆದದ್ದು ಅಂದ್ಕೊಂಡಿದ್ವಿ,” ಅಂದ.

ಅಷ್ಟರಲ್ಲಿ ಒಳಗೆ ಬಂದ ಮುದುಕ ನಕ್ಕುಬಿಟ್ಟ. ಗಾಯಕನ ತಂಡದಲ್ಲಿ ಡ್ರಮ್ಮು ಬಾರಿಸುತ್ತಿದ್ದವನು ಅವನು. “ವಾಲ್ವ್ ತಿರುಗಿಸಿದ್ರೆ ಎಡಗೈ ನಾಲ್ಕು ಬೆರಳಿಗೇ ಹೇಗಪ್ಪಾ ಆಗುತ್ತೆ? ಅದು ತಂತಿಯ ಗುರುತು.”

“ತಂತಿ ಅಂದ್ರೆ?”

“ನಿನ್ನ ಫೋನ್ ಒಂದು ಸಲ ಬಾರಿಸು ನೋಡೋಣ,” ಅಂದಳು ಅವಳು.

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಫೋನ್ ತೆಗೆದು ಒತ್ತಿದ. ಊರಿಗೆಲ್ಲ ಗೊತ್ತಿದ್ದ ಆ ಹಾಡಿನ ಶುರುವಿನ ಗಿಟಾರ್ ಬಂತು: ಎರಡು ಅವಸರದ ಹನಿ, ಆಮೇಲೆ ತಡವಾಗಿ ಬೀಳುವ ಒಂದು. ಇಪ್ಪತ್ತು ಸೆಕೆಂಡು. ಹಾಡಿನ ಪದಗಳು ಮರೆತವರಿಗೂ ಅದು ನೆನಪಿತ್ತು.

“ಇದು ನಮ್ಮನೆಯವರು ನುಡಿಸಿದ್ದು. ಅವರೇ ಕಟ್ಟಿದ್ದು.”

ಮೇಸ್ತ್ರಿ ಫೋನನ್ನೂ ಪೆಟ್ಟಿಗೆಯನ್ನೂ ನೋಡಿದ. “ಹತ್ತೊಂಬತ್ತು ವರ್ಷ ಪಕ್ಕದಲ್ಲಿ ಕೂತು ಊಟ ಮಾಡಿದೀನಮ್ಮ. ಇದು ಬಾರಿಸಿದಾಗಲೆಲ್ಲ ‘ಎತ್ತು ಮೇಸ್ತ್ರಿ’ ಅಂತಿದ್ರು, ಅಷ್ಟೆ. ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಂಬ್ತಿದ್ರಾ?”

ಅವನು ಸುಳ್ಳು ಹೇಳಲಿಲ್ಲ. “ಇಲ್ಲ,” ಅಂದ.

ತಮ್ಮ ನಡುವೆ ಬಾಯಿ ಹಾಕಿದ. “ಭಾವ ಚೆನ್ನಾಗಿ ನುಡಿಸ್ತಿದ್ರು, ಇಲ್ಲ ಅನ್ನಲ್ಲ. ಆದ್ರೆ ಅಕ್ಕಾ, ಬರೋ ಹಾಗಿದ್ದಿದ್ರೆ ಹೆಸರು ಬಂದೇ ಬರ್ತಿತ್ತು.”

“ಹೆಸರು ತಾನಾಗಿ ಬರೋಕೆ ಅದೇನು ನೆಗಡಿಯಾ? ಯಾರಾದ್ರೂ ಬರೀಬೇಕು. ಬರೆಯೋ ಕೈ ಇತ್ತು, ಬರೀಲಿಲ್ಲ.”

*

ಆ ಹಾಡು ಧ್ವನಿಮುದ್ರಣವಾದದ್ದು ಮೂವತ್ತನಾಲ್ಕು ವರ್ಷದ ಹಿಂದೆ, ಒಂದು ಮಧ್ಯಾಹ್ನ. ಹಾಡು ನೇರವಾಗಿ ಧ್ವನಿಯಿಂದಲೇ ಶುರುವಾಗಬೇಕಿತ್ತು. ಗಾಯಕನಿಗೆ ಎಷ್ಟು ಸಲ ಹಾಡಿದರೂ ಮೊದಲ ಸ್ವರ ಕೈಗೆ ಸಿಗುತ್ತಿರಲಿಲ್ಲ. ಸಂಗೀತ ನಿರ್ದೇಶಕ ಬೇಸತ್ತು, “ಯಾರಾದರೂ ಮುಂದೆ ಏನಾದರೂ ನುಡಿಸಿ, ಇವರು ಹಿಡಕೊಂಡು ಬರಲಿ,” ಅಂದ.

ವಾದ್ಯದವರ ಸಾಲಿನಲ್ಲಿ ಮೂರನೇ ಕುರ್ಚಿ ಕಿವಿಯಣ್ಣನದು. ಆ ವಾರವೆಲ್ಲ ಅವನು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಸೋರುವ ಕೊಳವೆಯ ಬೆನ್ನು ಹತ್ತಿದ್ದ. ಆ ಹನಿಗಳ ಲಯ ಕಿವಿಯಿಂದ ಹೋಗಿರಲಿಲ್ಲ. ಅದನ್ನೇ ತಂತಿಯ ಮೇಲಿಟ್ಟ. ಕಡೆಯ ಸ್ವರವನ್ನು ಗಾಯಕನ ಮೊದಲ ಸ್ವರದ ಬಾಗಿಲಲ್ಲಿ ತಂದು ನಿಲ್ಲಿಸಿದ. ಗಾಯಕ ಸಲೀಸಾಗಿ ಒಳಗೆ ಹೋದ. ಅವತ್ತು ಮತ್ತೊಂದು ಸಲ ಹಾಡುವ ಅಗತ್ಯವೇ ಬೀಳಲಿಲ್ಲ.

ಎರಡು ತಿಂಗಳಿಗೆ ಹಾಡಿನ ರೆಕಾರ್ಡು ಅಂಗಡಿಗೆ ಬಂತು. ಗಂಡಹೆಂಡತಿ ಅದನ್ನು ಕೊಂಡು ಮನೆಗೆ ಬರುವ ತನಕ ತಾಳದೆ ರಸ್ತೆಯಲ್ಲೇ ನಿಂತು ಕವಚದ ಹಿಂಬದಿ ಓದಿದರು. ಗಾಯಕನ ಹೆಸರಿತ್ತು. ನಿರ್ದೇಶಕನದಿತ್ತು. ಫೋಟೋ ತೆಗೆದವನದಿತ್ತು. ಫೋಟೋದಲ್ಲಿ ಗಾಯಕ ತೊಟ್ಟ ಕೋಟು ಹೊಲಿದ ಅಂಗಡಿಯ ಹೆಸರೂ ಇತ್ತು. ಆ ಕೋಟಿನ ತೋಳು ಕೂಡಿಸಿದವಳು ಅವಳೇ. ಕೊನೆಗೆ ಸಣ್ಣ ಅಕ್ಷರದಲ್ಲಿ ‘ಮತ್ತು ವಾದ್ಯವೃಂದ’.

“ಕೋಟಿಗೂ ಹೆಸರಿದೆ ಕಣೇ,” ಅಂದ ಅವನು.

ಮಾರನೆಯ ದಿನವೇ ಕಂಪನಿಗೆ ಹೋಗಿ ಕೇಳಿದ. ವ್ಯವಸ್ಥಾಪಕ ಕವಚವನ್ನು ತಿರುಗಿಸಿ ತೋರಿಸಿ, “ಜಾಗ ಎಲ್ಲಿದೆ ಹೇಳಿ?” ಅಂದನಂತೆ. ಅದು ಮೊದಲನೆಯ ಸಲ.

ಹತ್ತು ವರ್ಷವಾದ ಮೇಲೆ ಹಾಡುಗಳು ಹೊಸ ರೂಪದಲ್ಲಿ ಬರುತ್ತವೆ ಎಂದು ಗೊತ್ತಾಗಿ, ತನ್ನ ಹೆಸರು ಸೇರಿಸಿ ಎಂದು ಕಂಪನಿಗೆ ಪತ್ರ ಬರೆದ. ಅವಳೇ ಕೂತು ಅಕ್ಷರ ತಿದ್ದಿದಳು. ಉತ್ತರ ಬಂತು. ‘ನಿಮ್ಮ ಅಭಿಮಾನಕ್ಕೆ ಧನ್ಯವಾದ’ ಎಂಬ ಅಚ್ಚಾದ ಕಾಗದ, ಜೊತೆಗೆ ಸಹಿ ಹಾಕಿದ ಗಾಯಕನ ಭಾವಚಿತ್ರ.

*

ಗಾಯಕ ಬಂದಾಗ ಗಂಟೆಯಲ್ಲಿ ಅರ್ಧ ಕಳೆದಿತ್ತು. ಎಪ್ಪತ್ತೈದು ದಾಟಿದ್ದರೂ ನೆಟ್ಟಗಿದ್ದ. ನಲವತ್ತು ಕುರ್ಚಿಯೂ ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ತಮ್ಮ ಓಡಿಹೋಗಿ ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಟ್ಟ. ಗಾಯಕ ಕೂರಲಿಲ್ಲ. ಜೇಬಿನಿಂದ ಕಾಗದ ತೆಗೆದು ನೇರ ಮಾತಿಗೇ ನಿಂತ.

“ಇಂಥ ಕಲಾವಿದರು ಈಗ ಎಲ್ಲಿದಾರೆ? ಬೆಳಕು ಬೇಡ ಅಂದವರು. ನೆರಳಲ್ಲೇ ಸಂತೋಷವಾಗಿದ್ದವರು. ಅಷ್ಟು ವರ್ಷ ನನ್ನ ಹಿಂದೆ ಕೂತರು, ಒಂದು ದಿನ, ಒಂದೇ ಒಂದು ದಿನ, ಏನನ್ನೂ ಕೇಳಲಿಲ್ಲ.”

“ಕೇಳಿದ್ದರು,” ಅಂದಳು ಅವಳು.

ದನಿ ಎತ್ತರಿಸಿರಲಿಲ್ಲ. ಆದರೂ ಹಿಂದಿನ ಗೋಡೆಯವರೆಗೆ ಕೇಳಿತು. ತಮ್ಮ ಅವಳ ಮೊಣಕೈ ಹಿಡಿದ. ಅವಳು ಬಿಡಿಸಿಕೊಂಡು ಎದ್ದಳು.

“ಮೂರು ಸಲ ಕೇಳಿದ್ದರು. ಮೂರನೇ ಸಲ ನಿಮ್ಮನ್ನೇ ಕೇಳಿದ್ದು. ನಾನು ಅಲ್ಲೇ ಇದ್ದೆ, ನಿಮ್ಮ ಕೋಟಿಗೆ ಗುಂಡಿ ಹೊಲೀತಿದ್ದೆ.”

*

ಅದು ಒಂಬತ್ತು ವರ್ಷದ ಹಿಂದಿನ ಮಾತು. ಆ ಹಾಡಿಗೆ ಇಪ್ಪತ್ತೈದು ತುಂಬಿದ ಸಂಭ್ರಮದ ಕಾರ್ಯಕ್ರಮ. ವೇದಿಕೆಯ ಹಿಂದಿನ ಕೋಣೆಯಲ್ಲಿ ಗಾಯಕ ಕನ್ನಡಿಯ ಮುಂದೆ ನಿಂತಿದ್ದ. ಕಡೇ ಗಳಿಗೆಯಲ್ಲಿ ಕಿತ್ತುಬಂದ ಗುಂಡಿಯನ್ನು ಅವಳು ಮಂಡಿಯೂರಿ ಹೊಲಿಯುತ್ತಿದ್ದಳು. ಕಿವಿಯಣ್ಣ ಬಾಗಿಲಲ್ಲಿ ಬಂದು ನಿಂತ.

“ಸಾರ್, ಇವತ್ತು ಆ ಹಾಡಿಗೆ ಮುಂಚೆ ಒಂದೇ ಸಲ ನನ್ನ ಹೆಸರು ಹೇಳಿ. ಶುರುವಿನದು ಇವರು ಕಟ್ಟಿದ್ದು ಅಂತ. ಅಷ್ಟು ಸಾಕು.”

ಗಾಯಕ ಕನ್ನಡಿಯಲ್ಲೇ ನಕ್ಕ. ಸಿಟ್ಟಿನ ನಗುವಲ್ಲ, ಪ್ರೀತಿಯದೇ. “ಹೇಳ್ತೀನಪ್ಪ. ಹೇಳಿದ್ರೆ ಜನ ‘ಯಾರು?’ ಅಂತಾರೆ. ನಿನಗೇ ಬೇಜಾರಾಗುತ್ತೆ. ನಾನಿದ್ದೀನಲ್ಲ, ನಿನಗೆ ಹೆಸರು ಯಾಕೆ?”

ಅವಳು ದಾರವನ್ನು ಹಲ್ಲಿನಿಂದ ಕಡಿದಳು. ತಲೆಯೆತ್ತಿ ನೋಡುವಷ್ಟರಲ್ಲಿ ಬಾಗಿಲಲ್ಲಿ ಗಂಡ ಇರಲಿಲ್ಲ.

ಆ ಸಂಜೆ ಮೈದಾನದಲ್ಲಿ ನಾಲ್ಕು ಸಾವಿರ ಜನ. ದೀಪಗಳು ಆರಿ, ಗಾಯಕನ ಮೇಲೊಂದು ಬೆಳಕು ಬಿದ್ದು, ಎಲ್ಲರೂ ಆ ಗಿಟಾರಿಗೆ ಕಾದರು. ಕಿವಿಯಣ್ಣ ಎರಡೂ ಕೈಯನ್ನು ತೊಡೆಯ ಮೇಲಿಟ್ಟು ಕೂತ. ಡ್ರಮ್ಮಿನವನು ಮೆಲ್ಲಗೆ, “ಲೋ, ಶುರು ಮಾಡೋ,” ಅಂದ. ಅವನು ಕದಲಲಿಲ್ಲ. ಮೌನ ಬೆಳೆಯಿತು. ಇದೂ ಕಾರ್ಯಕ್ರಮದ ಒಂದು ಆಟವೆಂದುಕೊಂಡ ಜನ ತಾವೇ ಗುನುಗಲು ಶುರುಮಾಡಿದರು. ಮೊದಲು ಒಂದು ಮೂಲೆ, ಆಮೇಲೆ ಇಡೀ ಮೈದಾನ. ಎರಡು ಅವಸರದ ಹನಿ, ತಡವಾಗಿ ಒಂದು. ಅವರು ಮುಗಿಸುವವರೆಗೆ ಗಾಯಕ ಬಾಯಿ ತೆರೆಯುವ ಹಾಗಿರಲಿಲ್ಲ.

ಮಾರನೆಯ ದಿನ ತಂಡದಿಂದ ಫೋನ್ ಬಂತು. ಇನ್ನು ಬರಬೇಕಾಗಿಲ್ಲ ಎಂದರು.

“ನಾಲ್ಕು ಸಾವಿರ ಜನ ಕಣೇ,” ಅಂದ ಅವನು, ಫೋನ್ ಕೆಳಗಿಟ್ಟು. “ಒಬ್ಬನಿಗೂ ನನ್ನ ಹೆಸರು ಗೊತ್ತಿಲ್ಲ. ಆದ್ರೂ ನನ್ನದನ್ನೇ ಹಾಡಿದ್ರು.”

“ಅಷ್ಟು ಸಾಕಾ ನಿಮಗೆ?”

ಸಮಾಧಾನ ಮಾಡಿಕೊಳ್ಳುವವರ ಮುಖ ಅವಳಿಗೆ ಗೊತ್ತಿತ್ತು, ಅದಕ್ಕಾಗಿ ಕಾದಳು.

“ಸಾಲದು,” ಅಂದ ಅವನು.

ಅದಾದ ಮೇಲೆ ಮನೆಯ ಹಿಂದಿನ ಕೋಣೆಯಲ್ಲಿ ಪಾಠ ಶುರುಮಾಡಿದ. ಕಲಿಯಲು ಬಂದವರು ಐವರು. ಒಂದೇ ಷರತ್ತು: ಯಾವ ಹಾಡು ಕಲಿತರೂ ಅದಕ್ಕೆ ಗಿಟಾರ್ ನುಡಿಸಿದವರು ಯಾರೆಂದು ಹುಡುಕಿಕೊಂಡು ಬರಬೇಕು. ಆ ಹೆಸರನ್ನು ಗಟ್ಟಿಯಾಗಿ ಹೇಳಿಯೇ ತಂತಿ ಮುಟ್ಟಬೇಕು. ಹೆಸರು ಸಿಗದಿದ್ದರೆ ಆ ಹಾಡು ಕಾಯಬೇಕು.

*

ಪೆಟ್ಟಿಗೆಯ ಮುಂದೆ ನಿಂತ ಗಾಯಕ ಕಾಗದವನ್ನು ಮಡಚಿದ.

“ಆಗ ಪದ್ಧತಿ ಹಾಗಿತ್ತಮ್ಮ. ಯಾರೂ ಬರೀತಿರಲಿಲ್ಲ.”

“ಆಗ ಇತ್ತು. ಈಗ ಹೇಳಿ.”

“ಏನು?”

“ಅವರ ಹೆಸರು. ಇಷ್ಟು ಜನರ ಮುಂದೆ ಒಂದು ಸಲ ಹೇಳಿ. ಯಾರು ಅಂತ ಇಲ್ಲಿ ಯಾರೂ ಕೇಳಲ್ಲ.”

ಗಾಯಕನ ಬಾಯಿ ತೆರೆಯಿತು. ಮಡಚಿದ ಕಾಗದವನ್ನು ಮತ್ತೆ ಬಿಚ್ಚಿ ನೋಡಿದ. ಸಹಾಯಕ ಬರೆದುಕೊಟ್ಟ ಕಾಗದದಲ್ಲಿ ‘ದಿವಂಗತರು’ ಎಂದಿತ್ತು. ಅವನು ಪೆಟ್ಟಿಗೆಯ ಕಡೆ ನೋಡಿದ. ಕೊನೆಗೆ ಡ್ರಮ್ಮಿನವನ ಕಡೆ ತಿರುಗಿದಾಗ ಆ ಮುಖದಲ್ಲಿ ಮೊದಲ ಸಲ ಮುಪ್ಪು ಕಾಣಿಸಿತು.

“ನಾವೆಲ್ಲ... ‘ಮೂರನೇ ಕುರ್ಚಿ’ ಅಂತಲೇ ಕರೀತಿದ್ದದ್ದು, ಅಲ್ವಾ?” ಅಂದ.

“ನೀವು ಕರೀತಿದ್ರಿ ಸಾರ್,” ಅಂದ ಡ್ರಮ್ಮಿನವನು. “ಇನ್ನೊಂದು ಮಾತು. ಅವನಿಗೆ ಯೋಗ್ಯತೆ ಇತ್ತಾ ಇಲ್ವಾ ಅಂತ ಕೇಳೋರಿಗೆ ಹೇಳ್ತೀನಿ. ನೀವು ತಾಳ ತಪ್ಪಿದಾಗಲೆಲ್ಲ ಅವನು ಒಂದು ಸ್ವರ ತಡ ಮಾಡಿ ನಿಮ್ಮನ್ನ ದಾರಿಗೆ ತರ್ತಿದ್ದ. ನಿಮಗೆ ಗೊತ್ತಾಗ್ತಿರಲಿಲ್ಲ. ನನಗೆ ಗೊತ್ತಾಗ್ತಿತ್ತು, ನನ್ನ ಕೋಲೂ ಕಾಯಬೇಕಿತ್ತಲ್ಲ. ನಾನೂ ಇಷ್ಟು ವರ್ಷ ಬಾಯಿ ಮುಚ್ಕೊಂಡೇ ಇದ್ದೆ. ತಪ್ಪು ನನ್ನದೂ ಇದೆ.”

ಗಾಯಕ ಕೂತ.

ಹಿಂದಿನ ಗೋಡೆಯ ಹತ್ತಿರದಿಂದ ಬಸ್ ಕಂಡಕ್ಟರ್ ಸಮವಸ್ತ್ರದ ಹೆಂಗಸೊಬ್ಬಳು ಮುಂದೆ ಬಂದಳು. ನಲವತ್ತರ ಆಸುಪಾಸು. ಆ ಐವರಲ್ಲಿ ಒಬ್ಬಳು. ಬೆಳಗಿನ ಪಾಳಿ ಮುಗಿಸಿ ನೇರ ಬಂದಿದ್ದಳು. ಕುರ್ಚಿಯ ಮೇಲಿನ ಗಿಟಾರ್ ಎತ್ತಿಕೊಂಡು, “ಅಮ್ಮಾ, ನುಡಿಸಲಾ?” ಅಂದಳು.

“ಆ ಹಾಡಾ?” ತಮ್ಮ ಕೇಳಿದ.

“ಇಲ್ಲ. ಅದು ಎಲ್ಲರಿಗೂ ಗೊತ್ತು. ಇದು ಮೇಷ್ಟ್ರು ಹೋದ ವರ್ಷ ಕಟ್ಟಿದ್ದು. ಇದನ್ನ ನಾವು ಐದು ಜನ ಬಿಟ್ಟರೆ ಯಾರೂ ಕೇಳಿಲ್ಲ.”

ಅವಳು ನೆಟ್ಟಗೆ ನಿಂತು, ನಿಲ್ದಾಣದ ಹೆಸರು ಕೂಗುವ ದನಿಯಲ್ಲಿ, ಅವನ ಹೆಸರು ಹೇಳಿದಳು. ಪೂರ್ತಿ ಹೆಸರು, ತಂದೆಯ ಹೆಸರು ಸಮೇತ. ಆಮೇಲೆ ನುಡಿಸಿದಳು. ಅಲ್ಲಲ್ಲಿ ಬೆರಳು ಎಡವಿತು, ನಿಲ್ಲಿಸಲಿಲ್ಲ. ನಾಲ್ಕು ನಿಮಿಷದ ಆ ಸಂಗೀತದಲ್ಲಿ ವಿನಯವೆಂಬುದು ಎಲ್ಲಿಯೂ ಇರಲಿಲ್ಲ. ಮೇಲಿನ ತಂತಿಗಳು ಜಗಳಕ್ಕೆ ನಿಂತಂತೆ ನುಗ್ಗಿಬರುತ್ತಿದ್ದವು. ನಡುವೆ ಕೋಣೆಯ ಗುಮಾಸ್ತ ತಲೆ ಹಾಕಿ ಗಡಿಯಾರದತ್ತ ಬೆರಳು ತೋರಿಸಿದ. ಸತ್ತವನ ಹೆಂಡತಿ ಕೂತಲ್ಲಿಂದಲೇ, “ಕಾಯಿರಿ,” ಅಂದಳು. ಗುಮಾಸ್ತ ಕಾದ. ತಮ್ಮ ಕರವಸ್ತ್ರದಿಂದ ಮೂಗು ಒರೆಸಿಕೊಂಡು, “ಇದನ್ನ ನನಗೆ ಯಾಕೆ ಕೇಳಿಸಲಿಲ್ಲ ಭಾವ?” ಎಂದು ಪೆಟ್ಟಿಗೆಯನ್ನೇ ಕೇಳಿದ.

ಮುಗಿದ ಮೇಲೆ ಪೆಟ್ಟಿಗೆ ಹೊರಗೆ ಬಂತು. ಸ್ಮಶಾನ ಅಲ್ಲಿಂದ ನಾನೂರು ಹೆಜ್ಜೆ, ಎರಡು ಉದ್ದ ಗೋಡೆಗಳ ನಡುವಿನ ಓಣಿ. ಮೇಸ್ತ್ರಿ ಮತ್ತು ಅವನ ಮೂವರು ಹಿಂದೆ ಹೆಗಲು ಕೊಟ್ಟರು. ಮುಂದೆ ತಮ್ಮ ಮತ್ತು ಡ್ರಮ್ಮಿನವನು. ಬೇಡವೆಂದರೂ ಮುದುಕ ಕೇಳಲಿಲ್ಲ. ಮಂಡಿ ನೋವಿಗೆ ಒಂದೊಂದು ಹೆಜ್ಜೆಯನ್ನೂ ಅಳೆದು ಇಡುತ್ತಿದ್ದ. ಕಂಡಕ್ಟರ್ ಗಿಟಾರನ್ನು ಬೆನ್ನಿಗೆ ಹಾಕಿಕೊಂಡಳು. ಹೆಂಡತಿ ಎಲ್ಲರಿಗಿಂತ ಹಿಂದೆ ನಡೆದಳು.

ಅರ್ಧ ದಾರಿಯಲ್ಲಿ ಹಿಂದಿನಿಂದ ಕಾರಿನ ಸದ್ದು ಕೇಳಿತು. ಓಣಿಯ ಆ ತುದಿ ಮುಚ್ಚಿದ್ದರಿಂದ ಗಾಯಕನ ಕಾರೂ ಇತ್ತಲೇ ಬರಬೇಕಿತ್ತು. ಚಾಲಕ ದೀಪ ಮಿನುಗಿಸಿದ. ಆಮೇಲೆ ಚಿಕ್ಕದಾಗಿ ಹಾರ್ನ್ ಒತ್ತಿದ.

“ಅಮ್ಮಾ, ಗೋಡೆ ಕಡೆ ಸರಿದು ಬಿಡೋಣ್ವಾ?” ಮೇಸ್ತ್ರಿ ಕೇಳಿದ. “ಒಂದು ಕಾರಿಗೆ ಜಾಗ ಆಗುತ್ತೆ.”

“ಬೇಡ. ನಡುವೆ ನಡೀರಿ.”

ಅವಳು ತಿರುಗಿ ನೋಡಲಿಲ್ಲ. ಬದಿಯಲ್ಲಿ ನಡೆಯುತ್ತಿದ್ದವಳು ಓಣಿಯ ನಟ್ಟನಡುವೆ ಬಂದಳು. ಹಾರ್ನ್ ಮತ್ತೆ ಕೇಳಿಸಲಿಲ್ಲ. ಡ್ರಮ್ಮಿನವನ ಮಂಡಿ ಎಷ್ಟು ವೇಗಕ್ಕೆ ಬಿಟ್ಟಿತೋ ಅಷ್ಟೇ ವೇಗದಲ್ಲಿ ಪೆಟ್ಟಿಗೆ ಸಾಗಿತು. ಅದರ ಹಿಂದೆ, ಮೊದಲ ಗೇರಿನಲ್ಲಿ ನರಳುತ್ತ, ಹೆಜ್ಜೆಗೊಂದು ಹೆಜ್ಜೆಯಷ್ಟೇ ಉರುಳುತ್ತ, ಉದ್ದನೆಯ ಕರಿ ಕಾರು.