ಅಜ್ಜಿಗೆ ಇಲ್ಲದ ಕೆಮ್ಮು

ಸೋಮವಾರ ಬೆಳಿಗ್ಗೆ ಮಿಸ್ ಪರ್ಲ್ ಒಂದು ಪಾತ್ರೆ ಕೋಳಿ ಸೂಪ್ ಹಿಡಿದು ನಮ್ಮ ಪಕ್ಕದ ಮನೆಯ ಮಿಸ್ ಐಯೋನಿಯವರ ಜಗಲಿ ಹತ್ತಿದರು. ಕೆಮ್ಮು ಹೇಗಿದೆ ಎಂದು ವಿಚಾರಿಸಿದರು. ಯಾವ ಕೆಮ್ಮು ಎಂದರು ಮಿಸ್ ಐಯೋನಿ. ಅಷ್ಟರಲ್ಲಿ ಎದುರು ಮನೆಯ ಡೆಲ್ರಾಯ್ ಶುಂಠಿ ಕಷಾಯ ತಂದ. ಅವನದೂ ಅದೇ ಪ್ರಶ್ನೆ. ಮಿಸ್ ಐಯೋನಿ ರೇಗಿದರು.

"ನನ್ನನ್ನ ಇಷ್ಟು ಬೇಗ ಮಣ್ಣಿಗೆ ಹಾಕೋ ಆತುರ ಯಾರಿಗಪ್ಪಾ? ನಿನ್ನೆ ಚರ್ಚಲ್ಲಿ ನಾನು ಹಾಡಿದ್ದು ಕೇಳಲಿಲ್ವಾ ನಿಮಗೆ?"

ಕೇಳದೆ ಇರಲು ಸಾಧ್ಯವೇ ಇಲ್ಲ, ಅಂಥ ಗಂಟಲು ಅವರದು. ನಾನು ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಅಂದು ರಜೆ, ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬೇಲಿಯಾಚೆಯ ಮಾತಿನಿಂದ ವಿಷಯ ತಿಳಿಯಿತು. ಮಿಸ್ ಐಯೋನಿಯವರ ಹದಿನೈದು ವರ್ಷದ ಮೊಮ್ಮಗಳು ಟಮೋಯ, ಅಜ್ಜಿಗೆ ವಿಪರೀತ ಕೆಮ್ಮು ಎಂದು ಹೇಳಿ ಇಬ್ಬರ ಮನೆಯಿಂದಲೂ ಕೆಮ್ಮಿನ ಔಷಧಿಯ ಬಾಟಲಿ ಒಯ್ದಿದ್ದಳು.

ಜಮೈಕಾದ ಯಾವ ಬೀದಿಗೆ ಹೋದರೂ ಹೀಗೇ. ಅಮೆರಿಕದಲ್ಲಿ ದುಡಿಯುವ ಮಗನೋ ಮಗಳೋ ಮನೆಗೆ ದೊಡ್ಡ ಪೀಪಾಯಿ ಕಳಿಸುತ್ತಾರೆ. ಅದರಲ್ಲಿ ಅಕ್ಕಿ, ಸಾಬೂನಿನ ಜೊತೆ ಔಷಧಿಯೂ ಇರುತ್ತದೆ. ಕೇಳಿದವರಿಗೆ ಇಲ್ಲ ಎನ್ನುವ ರೂಢಿಯಿಲ್ಲ, ಅದರಲ್ಲೂ ಅಜ್ಜಿಗೆ ಎಂದರೆ ಯಾರು ಮರುಮಾತಾಡುತ್ತಾರೆ? ನಮ್ಮ ಈ ಒಳ್ಳೆಯತನವೇ ಆ ಹುಡುಗಿಗೆ ಔಷಧಿ ಅಂಗಡಿಯಾಗಿತ್ತು.

ನಾನು ಆಚೆ ಮನೆಗೆ ಹೋದೆ. ಯಾರೋ ಬಡವರಿಗೆ ಕೊಟ್ಟಿರಬೇಕು ಎಂದು ಮಿಸ್ ಐಯೋನಿ ಮೊಮ್ಮಗಳ ಪರ ವಹಿಸಿದರು. ಅವಳೆಲ್ಲಿ ಎಂದರೆ, ಶಾಲೆಗೆ ಹೋಗಿಲ್ಲ, ರಕ್ತ ಕಡಿಮೆ, ತಲೆ ಸುತ್ತುತ್ತದಂತೆ, ಬೀಟ್‌ರೂಟ್ ರಸ ಕೊಡುತ್ತಿದ್ದೇನೆ ಎಂದರು. ಒಳಗೆ ಟಮೋಯ ಮಂಚದ ಪಕ್ಕ ವಾಂತಿ ಮಾಡಿಕೊಂಡು ಕೂತಿದ್ದಳು. ನೋಟ ಎಲ್ಲೋ ಇತ್ತು. ಮಂಚದ ಕೆಳಗೆ ಕೆಮ್ಮಿನ ಔಷಧಿಯ ಖಾಲಿ ಬಾಟಲಿ ಬಿದ್ದಿತ್ತು. ನಾಡಿ ಹಿಡಿದರೆ ಓಡುತ್ತಿತ್ತು. ಎಷ್ಟು ಕುಡಿದೆ ಎಂದು ಕೇಳಿದೆ. ಒಂದು ಬಾಟಲಿ ಪೂರ್ತಿ, ಬೆಳಿಗ್ಗೆ ಎಂದಳು. ಬಾಟಲಿ ಎತ್ತಿಕೊಂಡೆ. ಡೆಲ್ರಾಯ್‌ಗೆ ಕಾರು ತೆಗೆಯಲು ಹೇಳಿದೆ.

ಮಿಸ್ ಐಯೋನಿ ಬಾಗಿಲಿಗೆ ಅಡ್ಡ ನಿಂತರು. "ಆಸ್ಪತ್ರೆ ಅಂದ್ರೆ ಊರಿಗೆಲ್ಲ ಗೊತ್ತಾಗತ್ತೆ ಕಣೆ. ಅಮೆರಿಕದಲ್ಲಿ ದುಡೀತಿರೋ ಅವಳಮ್ಮಂಗೆ ನಾನು ಯಾವ ಮುಖ ತೋರಿಸ್ಲಿ? ಕುಡಿದಿದ್ದು ಔಷಧಿ, ಗಾಂಜಾ ಅಲ್ವಲ್ಲ. ಮಲಗಿ ಎದ್ರೆ ಇಳಿದುಹೋಗತ್ತೆ."

"ಅಳತೆ ಮೀರಿದ್ರೆ ಔಷಧಿನೂ ವಿಷಾನೇ, ಮಿಸ್ ಐಯೋನಿ. ಎದೆ ಹೇಗೆ ಹೊಡ್ಕೊಳ್ತಿದೆ, ಕೈಯಿಟ್ಟು ನೋಡಿ. ಇಂಥ ಕೆಲವು ಬಾಟಲಿಗಳಲ್ಲಿ ಜ್ವರದ ಮದ್ದೂ ಬೆರೆತಿರತ್ತೆ. ಅದು ಹೆಚ್ಚಾದ್ರೆ ಲಿವರ್ ಹೋಗತ್ತೆ, ಮೊದಲ ದಿನ ಗೊತ್ತೇ ಆಗಲ್ಲ. ಮಲಗಿಸಿ ಕಾಯೋ ಕೆಲಸ ಅಲ್ಲ ಇದು."

ಆಗ ಟಮೋಯ ಬಾಯಿಬಿಟ್ಟಳು. "ಕುಡಿದ್ರೆ ಅಮ್ಮ ಇಲ್ಲಿಲ್ಲ ಅನ್ನೋದು ಸ್ವಲ್ಪ ಹೊತ್ತು ಮರೆತುಹೋಗತ್ತೆ, ಅಜ್ಜಿ."

ಮಿಸ್ ಐಯೋನಿ ಬಾಗಿಲು ಬಿಟ್ಟರು. ಹುಡುಗಿಯ ಕಾಲಿಗೆ ಚಪ್ಪಲಿ ಹಾಕಿದರು.

ಆಸ್ಪತ್ರೆಯಲ್ಲಿ ಒಳಗಿರಿಸಿಕೊಂಡು ರಕ್ತ ಪರೀಕ್ಷಿಸಿದರು. ಬಾಟಲಿ ಜೊತೆಗೆ ಒಯ್ದಿದ್ದು ಒಳ್ಳೆಯದಾಯಿತು, ಏನು ಕುಡಿದಿದ್ದಾಳೆಂದು ಬೇಗ ತಿಳಿಯಿತು. ಲಿವರ್ ಉಳಿಯಿತು. ಈಗ ಟಮೋಯ ನಮ್ಮ ಕೇಂದ್ರದ ಆಪ್ತಸಲಹೆಗಾರರ ಹತ್ತಿರ ಬರುತ್ತಾಳೆ. ಕೆಲವು ವಾರ ಮುಖ ಊದಿಸಿಕೊಂಡೇ ಬರುತ್ತಾಳೆ, ಆದರೂ ಬರುತ್ತಾಳೆ.

ಮನೆಗೆ ಬಂದ ಮೇಲೆ ಅಜ್ಜಿ ಮೊಮ್ಮಗಳನ್ನು ಕೇಳಿ, ಒಪ್ಪಿಸಿ, ಔಷಧಿ ಕೊಟ್ಟವರ ಮನೆಗೆ ಜೊತೆಯಲ್ಲೇ ಕರೆದುಕೊಂಡು ಹೋದರು. ಮಿಸ್ ಪರ್ಲ್ ಹೊಸ್ತಿಲಲ್ಲೇ ಅತ್ತರು, ಕೊಟ್ಟವಳು ನಾನೇ ಎಂದು.

"ಪ್ರೀತಿಯಿಂದ ಕೊಟ್ಟೆ ಪರ್ಲ್, ನಂಗೊತ್ತು. ಇನ್ಮೇಲೆ ನನ್ನ ಹೆಸರು ಹೇಳಿದ್ರೂ ಮಕ್ಕಳ ಕೈಗೆ ಕೊಡಬೇಡ. ನೀನೇ ತಗೊಂಡು ಬಾ. ಬಂದು ನನ್ನ ಮುಖ ನೋಡಿ ಕೊಡು."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಔಷಧಿ ಎತ್ತರದಲ್ಲಿ, ಬೀಗದೊಳಗೆ ಇರಲಿ. ಮಗು ಬಂದು ಔಷಧಿ ಕೇಳಿದರೆ ನೀವೇ ನಡೆದು ಹೋಗಿ ಕೊಡಿ. ಆ ಮನೆಯಲ್ಲಿ ಕಾಯಿಲೆಯವರೇ ಇಲ್ಲದಿದ್ದರೆ ಬೈಯಬೇಡಿ, ಹೊಡೆಯಬೇಡಿ, ಮಗುವನ್ನು ಕೂರಿಸಿ ಮಾತಾಡಿಸಿ. ಬಾಟಲಿ ಖಾಲಿ ಮಾಡಿದ್ದು ಗೊತ್ತಾದರೆ, ಮಗು ಚೆನ್ನಾಗಿರುವಂತೆ ಕಂಡರೂ ಬಾಟಲಿಯ ಸಮೇತ ಕೂಡಲೇ ಆಸ್ಪತ್ರೆಗೆ ಹೊರಡಿ. ಜನ ಏನಂದಾರು ಎಂಬುದನ್ನು ಮಗು ಉಳಿದ ಮೇಲೆ ನೋಡಿಕೊಳ್ಳೋಣ.