ಸೊಟ್ಟ ಕತ್ತಿನ ದೀಪಗಳು

ನನ್ನ ಗಂಡನಿಗೆ ಒಂದು ಕಾಯಿಲೆ ಇದೆ. ಡಾಕ್ಟರಿಗೆ ತೋರಿಸುವಂಥದ್ದಲ್ಲ. ಸೊಟ್ಟಗಿರುವುದನ್ನು ಕಂಡರೆ ಆಗುವುದಿಲ್ಲ, ಅಷ್ಟೇ. ಗೋಡೆಯ ಮೇಲಿನ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದ್ದರೂ ಊಟ ಬಿಟ್ಟು ಎದ್ದು ಸರಿ ಮಾಡುತ್ತಾರೆ. ಬೇರೆಯವರ ಮನೆಯಲ್ಲೂ ಮಾಡುತ್ತಾರೆ. ಇಂಥವರು ಯಾವುದಾದರೂ ಕಚೇರಿಯಲ್ಲಿದ್ದಿದ್ದರೆ ಅಲ್ಲಿಯವರು ಅನುಭವಿಸುತ್ತಿದ್ದರು, ನಾನು ಮನೆಯಲ್ಲಿ ಹಾಯಾಗಿರುತ್ತಿದ್ದೆ. ನನ್ನ ಹಣೆಬರಹ, ಇವರು ಗಾಜು ಊದುತ್ತಾರೆ.

ಟೈರ್ ರಿಪೇರಿ ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್ಡು, ಅದೇ ನಮ್ಮ ಸ್ಟುಡಿಯೋ. ಒಳಗೆ ಯಾವಾಗಲೂ ಉರಿಯುತ್ತಲೇ ಇರುವ ಕುಲುಮೆ, ಅದರ ಹೊಟ್ಟೆಯಲ್ಲಿ ಮಣ್ಣಿನ ಮೂಸೆ, ಮೂಸೆಯಲ್ಲಿ ಕರಗಿದ ಗಾಜು. ಇವರು ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಆ ಗಾಜನ್ನು ಸುತ್ತಿ ತೆಗೆದು, ತಿರುಗಿಸುತ್ತಾ ಊದುತ್ತಾ ಹೂದಾನಿ, ಬಟ್ಟಲು, ತೂಗುದೀಪದ ಗಾಜು ಮಾಡುತ್ತಾರೆ. ಮಾಡಿದ್ದೆಲ್ಲ ತಣಿಸುವ ಗೂಡಿಗೆ ಹೋಗುತ್ತದೆ. ಅಲ್ಲಿ ಮರುದಿನದವರೆಗೆ ನಿಧಾನವಾಗಿ ಬಿಸಿ ಇಳಿಯಬೇಕು, ಅವಸರಪಟ್ಟರೆ ಠಪ್ಪೆಂದು ಒಡೆಯುತ್ತದೆ. ಬೆಳಿಗ್ಗೆ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡುತ್ತಾರೆ. ಎಲ್ಲಾದರೂ ಸೊಟ್ಟ ಕಂಡರೆ ಅದನ್ನು ಮೂಲೆಯ ಹಲಗೆಯ ಮೇಲಿಡುತ್ತಾರೆ. ವಾರದ ಕೊನೆಗೆ ಹಲಗೆಯ ಮೇಲಿದ್ದದ್ದನ್ನೆಲ್ಲ ಡ್ರಮ್ಮಿಗೆ ಹಾಕಿ ಸುತ್ತಿಗೆಯಿಂದ ಪುಡಿ ಮಾಡುತ್ತಾರೆ. ಆ ಹೊತ್ತಿನಲ್ಲಿ ಅವರ ಮುಖದಲ್ಲಿ ಇರುವ ನೆಮ್ಮದಿ ನಮ್ಮ ಮದುವೆಯ ಫೋಟೋದಲ್ಲೂ ಇಲ್ಲ.

ಮಾಡುವುದು ಅವರು, ಮಾರುವುದು ನಾನು. ಇದು ಮದುವೆಯ ಹೊಸತರಲ್ಲಿ ಆದ ಒಪ್ಪಂದ, ಆಗ ನನಗೆ ಬುದ್ಧಿ ಇರಲಿಲ್ಲ. ಗಾಜು ಊದುವುದನ್ನು ಕಣ್ಣಾರೆ ನೋಡಿ ಎಂದು ಊರೆಲ್ಲ ಚೀಟಿ ಅಂಟಿಸಿದೆ. ಚಳಿಗಾಲವಾದ್ದರಿಂದ ಜನ ಚೆನ್ನಾಗಿಯೇ ಬಂದರು. ಕುಲುಮೆಯ ಮುಂದೆ ನಿಂತು ಕೈ ಕಾಯಿಸಿಕೊಂಡು, ಒಳ್ಳೆ ಬೆಚ್ಚಗಿದೆ ಎಂದು ಹೊಗಳಿ ಹೋದರು. ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕಿದೆ. ಇವರು ಬೆವರು ಸುರಿಸಿ ಮಾಡಿದ ಹೂದಾನಿಗಳನ್ನು ಯಾರೂ ನೋಡಲಿಲ್ಲ. ಟೈರ್ ಅಂಗಡಿಯ ಬೆಕ್ಕು ಒಳಗೆ ಬಂದು ಕೊಳವೆಗಳ ಪಕ್ಕ ಆಕಳಿಸಿದ್ದನ್ನು ಮಾತ್ರ ಜಗತ್ತೇ ನೋಡಿತು. ಬೆಕ್ಕು ಮಾರುತ್ತೀರಾ ಎಂದು ಕೇಳಿದವರಿದ್ದಾರೆ. ಕಾರಿನ ಮುಂದಿನ ಗಾಜು ಹಾಕಿಕೊಡುತ್ತೀರಾ ಎಂದು ಈಗಲೂ ಫೋನ್ ಬರುತ್ತದೆ. ಪ್ರದರ್ಶನದಲ್ಲಿ ಮಳಿಗೆ ಹಾಕಿದರೆ ಪಕ್ಕದಲ್ಲೇ ಮೈ ಒತ್ತುವ ಕುರ್ಚಿಗಳ ಮಳಿಗೆ ಬಂತು. ಜನರೆಲ್ಲ ಆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ನಮ್ಮ ಗಾಜನ್ನು ನೋಡುವವರು ಯಾರು?

ಆ ಚಳಿಗಾಲ ಮುಗಿಯುವುದರೊಳಗೆ ದೊಡ್ಡ ಆರ್ಡರೊಂದು ಬರದಿದ್ದರೆ ಕುಲುಮೆ ಆರಿಸುವುದು ಎಂದು ತೀರ್ಮಾನವಾಗಿತ್ತು. ಅಡುಗೆಮನೆಯ ಒಲೆಯ ಹಾಗೆ ಇವತ್ತು ಆರಿಸಿ ನಾಳೆ ಹಚ್ಚುವಂಥದ್ದಲ್ಲ ಅದು. ಒಮ್ಮೆ ಆರಿದರೆ ಮೂಸೆ ಬಿರಿಯುತ್ತದೆ, ಅಲ್ಲಿಗೆ ಸ್ಟುಡಿಯೋ ಮುಗಿಯಿತು. ಆಮೇಲೆ ಇವರಿಗೆ ಬಾಟಲಿ ಕಾರ್ಖಾನೆಯೇ ಗತಿ. ನಮ್ಮಣ್ಣ ಅಲ್ಲಿ ಮೇಲ್ವಿಚಾರಕ. ಕುರ್ಚಿಯ ಮೇಲೆ ಕೂತು, ಮುಂದೆ ಸಾಲಾಗಿ ಹೋಗುವ ಬಾಟಲಿಗಳಲ್ಲಿ ಸೊಟ್ಟಗಿರುವುದನ್ನು ಎತ್ತಿ ಪಕ್ಕಕ್ಕಿಡುವ ಕೆಲಸ. "ಭಾವನಿಗೆ ಹೇಳಿ ಮಾಡಿಸಿದ ಹಾಗಿದೆ" ಎನ್ನುತ್ತಿದ್ದ ಅಣ್ಣ. ನನಗೆ ಹೆದರಿಕೆ ಇದ್ದದ್ದೂ ಅದೇ. ಅಲ್ಲಿ ಕೂತರೆ ಇವರು ಒಂದು ದಿನವೂ ಬೇಸರವೆನ್ನದೆ ಬಾಟಲಿ ನೋಡುತ್ತಾ ಮುದುಕರಾಗುತ್ತಾರೆ, ಮತ್ತೆ ಕೊಳವೆ ಮುಟ್ಟುವುದಿಲ್ಲ. ಅದನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಇನ್ನು ನಮ್ಮತ್ತೆಯ ವಿಷಯ. ಮಗನಿಗೆ ಒಡೆಯುವ ಚಟವಾದರೆ ತಾಯಿಗೆ ಉಳಿಸುವ ಚಟ. ಹರಿದ ಚಪ್ಪಲಿಯ ಒಂಟಿ ಪಟ್ಟಿಯನ್ನೂ ಯಾವುದಕ್ಕಾದರೂ ಆಗುತ್ತೆ ಎಂದು ಎತ್ತಿಡುತ್ತಾರೆ. ಹಲಗೆಯ ಮೇಲಿನ ಸೊಟ್ಟ ಗಾಜುಗಳು ಡ್ರಮ್ಮಿಗೆ ಹೋಗುವ ಮುಂಚೆ ಕೆಲವು ಅತ್ತೆಯ ತರಕಾರಿ ಚೀಲಕ್ಕೆ ಹೋಗುತ್ತಿದ್ದವು, ಮೇಲೊಂದಿಷ್ಟು ಸೊಪ್ಪು. ಅಲ್ಲಿಂದ ಪರಿಚಯದವರ ಮನೆಗೆ. ಇದು ನನಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಒಬ್ಬ ಹೆಂಗಸು ಊದಿದ ಕೆನ್ನೆ ಹಿಡಿದುಕೊಂಡು ನಮ್ಮ ಶೆಡ್ಡಿಗೆ ಬಂದ ದಿನ.

ಆಕೆ ಹೋಟೆಲುಗಳ ಒಳಾಂಗಣ ವಿನ್ಯಾಸ ಮಾಡುವವರು. ಹಲ್ಲುನೋವೆಂದು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರಂತೆ. ಅಲ್ಲಿ ಕಾಯುವ ಕೋಣೆಯಲ್ಲಿ ಒಂದು ತೂಗುದೀಪ ನೋಡಿ ನೋವೇ ಮರೆತುಹೋಯಿತಂತೆ. ಯಾರು ಮಾಡಿದ್ದೆಂದು ವಿಚಾರಿಸಿ ನೇರ ಇಲ್ಲಿಗೆ ಬಂದಿದ್ದರು. ಮೊಬೈಲಿನಲ್ಲಿ ಅದರ ಫೋಟೋ ತೋರಿಸಿದರು. ಗಾಜಿನ ಕತ್ತು ಒಂದು ಕಡೆಗೆ ವಾಲಿತ್ತು.

ನನ್ನ ಗಂಡನ ಮುಖ ಬಿಳುಚಿಕೊಂಡಿತು. "ಇದು ಒಡೆದು ಹಾಕಿದ್ದು" ಎಂದರು.

"ಒಡೆದಿಲ್ಲ, ಚೆನ್ನಾಗಿ ಉರೀತಿದೆ" ಎಂದರು ಕೆನ್ನೆಯಮ್ಮ. "ಹೊಸ ಹೋಟೆಲಿನ ಊಟದ ಹಾಲಿಗೆ ಪೂರ್ತಿ ಇಂಥದ್ದೇ ಬೇಕು. ಒಂದರ ಹಾಗೆ ಇನ್ನೊಂದು ಇರಬಾರದು. ಎಲ್ಲದರ ಕತ್ತೂ ಹೀಗೇ ವಾಲಿರಬೇಕು. ಮೊದಲು ಒಂದು ಮಾದರಿ ಮಾಡಿ ತೋರಿಸಿ."

ಅತ್ತೆ ತರಕಾರಿ ಚೀಲವನ್ನು ಮೆಲ್ಲಗೆ ಕಾಲಿನಿಂದ ಸ್ಟೂಲಿನ ಕೆಳಗೆ ತಳ್ಳಿದರು. ಇವರು ಅಮ್ಮನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನು ಬರೆಯಲಾರೆ. ಆಕೆ ಹೋದ ಮೇಲೆ, ತಪ್ಪಿ ಆದದ್ದನ್ನು ಊರಿಗೆಲ್ಲ ಹಂಚಿ ನನ್ನ ಮರ್ಯಾದೆ ಕಳೆದೆ ಎಂದು ಅಮ್ಮನ ಮೇಲೆ ರೇಗಿದರು. ನಾನು ಮಾತ್ರ ಕುಣಿದಾಡುವುದೊಂದು ಬಾಕಿ. "ರೀ, ಮರ್ಯಾದೆ ಆಮೇಲೆ ನೋಡೋಣ. ಒಂದು ಸೊಟ್ಟ ದೀಪ ಮಾಡಿಕೊಡಿ ಸಾಕು. ಜೀವಮಾನದಲ್ಲಿ ಇಷ್ಟು ಸುಲಭದ ಆರ್ಡರು ಬರಲ್ಲ" ಎಂದೆ.

ಸುಲಭವಾಗಿರಲಿಲ್ಲ. ಈ ಮನುಷ್ಯನಿಗೆ ಬೇಕೆಂದು ಸೊಟ್ಟ ಮಾಡಲು ಬರುವುದಿಲ್ಲ. ಮೊದಲು ಮಾಡಿದ್ದು ಗೆರೆ ಎಳೆದ ಹಾಗೆ ನೆಟ್ಟಗಿತ್ತು. "ಕೈ ತಾನಾಗೇ ಸರಿ ಮಾಡಿಬಿಡುತ್ತೆ" ಎಂದರು ತಪ್ಪಿತಸ್ಥರ ಹಾಗೆ. ಆಮೇಲೆ ಕಾಗದದ ಮೇಲೆ ಸೊಟ್ಟ ಬರೆದು, ಅಳತೆ ಹಾಕಿ, ಆ ಅಳತೆಗೆ ಸರಿಯಾಗಿ ಬಗ್ಗಿಸಿದರು. ಅದನ್ನು ನೋಡಿ ಕೆನ್ನೆಯಮ್ಮ ಬೇಡವೆಂದು ತಲೆ ಆಡಿಸಿದರು. ಅಷ್ಟು ಹೊತ್ತಿಗೆ ಅವರ ಕೆನ್ನೆ ಇಳಿದಿತ್ತು, ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದಿತ್ತು. "ಇದು ನೀರಿನ ನಲ್ಲಿ ಥರ ಬಗ್ಗಿದೆ. ಡಾಕ್ಟರ ಹತ್ರ ಇರೋದು ಯಾರೋ ಕರೆದಾಗ ತಿರುಗಿ ನೋಡಿದ ಹಾಗಿದೆ. ಅದು ಬೇಕು ನನಗೆ. ಈ ವಾರದೊಳಗೆ ಆಗದಿದ್ರೆ ಬೇರೆ ಕಡೆ ನೋಡಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ" ಎಂದು ಹೇಳಿ ಹೋದರು.

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅತ್ತೆ ಪಕ್ಕಕ್ಕೆ ಬಂದು ಕೂತರು. "ಅದು ಹ್ಯಾಗೆ ಆಗಿದ್ದು ಅಂತ ನನಗೆ ಗೊತ್ತು. ಇವನು ನಿನ್ನ ಮೊಬೈಲ್ ನೀರಿಗೆ ಬೀಳಿಸಿದ್ನಲ್ಲ, ಆ ದಿನದ್ದು."

"ಏನತ್ತೆ ಹಾಗಂದ್ರೆ?"

"ನೀನು ಇಲ್ಲೇ ನಿಂತ್ಕೊಂಡು ಬೈತಾ ಇದ್ದೆ, ಅವನು ಊದ್ತಾ ಇದ್ದ. ಟೈಲರ್ ಮನೇಲಿ ಇರೋ ಹೂದಾನಿ, ನೀನು ತವರಿಗೆ ಹೋಗ್ತೀನಿ ಅಂತ ಬ್ಯಾಗ್ ತುಂಬಿದ ದಿನದ್ದು. ಎದುರುಮನೆ ಬಟ್ಟಲು ಅವನ ಅಕ್ಕ ಬಂದು ತಿಂಗಳುಗಟ್ಟಲೆ ಕೂತಿದ್ದಾಗಿನದ್ದು. ಒಂದೊಂದು ಸೊಟ್ಟಕ್ಕೂ ಒಂದೊಂದು ಜಗಳ ಇದೆ ಕಣೇ. ನೀವಿಬ್ಬರೂ ಚೆನ್ನಾಗಿದ್ದಾಗ ಒಂದಾದ್ರೂ ಸೊಟ್ಟ ಬಂದಿದ್ರೆ ಹೇಳು."

ನಮ್ಮ ಸಂಸಾರದ ಜಗಳಗಳೆಲ್ಲ ಊರಿನ ಮನೆಮನೆಯಲ್ಲಿ ಹೂವಿಟ್ಟುಕೊಂಡು ಕೂತಿವೆ ಎಂದು ತಿಳಿದು ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಆದರೆ ದಾರಿ ಸಿಕ್ಕಿತು. ಮರುದಿನ ಬೆಳಿಗ್ಗೆ ಇವರು ಕೊಳವೆ ಹಿಡಿದ ಕೂಡಲೇ ಸೆರಗು ಸಿಕ್ಕಿಸಿಕೊಂಡು ಎದುರಿಗೆ ನಿಂತೆ.

"ನಿಮ್ಮನ್ನ ಕಟ್ಕೊಂಡು ನಾನು ಏನು ಸುಖಪಟ್ಟೆ" ಎಂದು ಶುರು ಮಾಡಿದೆ.

"ಏನು ಸುಖಪಟ್ಟೆ?" ಎಂದು ಇವರು ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದರು.

ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆ ಸ್ಟೂಲಿನ ಮೇಲಿಂದ ಹೇಳಿಕೊಡುತ್ತಿದ್ದರು: "ಅವನ ಅಕ್ಕನ ವಿಷಯ ತೆಗಿ. ಬಾತ್‌ರೂಮಿನ ಬಲ್ಬ್ ವಿಷಯ ತೆಗಿ. ನನ್ನ ವಿಷಯನಾದ್ರೂ ತೆಗಿ, ನಾನೇನೂ ಅಂದ್ಕೊಳ್ಳಲ್ಲ." ನಾನು ಒಂದೊಂದಾಗಿ ತೆಗೆದೆ. ಇವರು ಎಲ್ಲಕ್ಕೂ ಹೌದು, ಹೌದು, ನಿನ್ನ ಮಾತು ಸರಿ ಎಂದು ಒಪ್ಪಿಕೊಂಡು ಊದಿದರು. ಹೀಗೆ ಒಪ್ಪಿಕೊಳ್ಳುವವರ ಹತ್ತಿರ ಯಾರಾದರೂ ಹೇಗೆ ಜಗಳವಾಡುವುದು? ವಾರವೆಲ್ಲ ಹೀಗೇ ಬೈದೆ, ಗಂಟಲು ಕಟ್ಟಿತು. ಗೂಡಿನಿಂದ ಹೊರಬಂದ ದೀಪಗಳು ಸೈನಿಕರ ಹಾಗೆ ನೆಟ್ಟಗಿದ್ದವು.

ಕೆನ್ನೆಯಮ್ಮ ಕೊಟ್ಟ ಗಡುವಿನ ಹಿಂದಿನ ದಿನ ಮಧ್ಯಾಹ್ನ ನಮ್ಮಣ್ಣ ಬಂದ. ಇವರು ಆಗಷ್ಟೇ ಮೂಸೆಯಿಂದ ಗಾಜು ತೆಗೆದು ಊದಲು ಹಿಡಿದಿದ್ದರು. ಅಣ್ಣ ಬಾಗಿಲಲ್ಲೇ ನಿಂತು, "ಭಾವ, ನಿಮ್ಮ ಬೆನ್ನಿಗೆ ಒಳ್ಳೇದಾಗಲಿ ಅಂತ ಹೊಸ ಕುರ್ಚಿ ಹಾಕ್ಸಿದೀನಿ. ಮುಂದಿನ ವಾರದಿಂದ ಬರ್ತೀನಿ ಅಂದಿದ್ರಲ್ಲ, ಅದನ್ನೇ ಕಾರ್ಖಾನೆಯವರಿಗೂ ಹೇಳಿದೀನಿ" ಎಂದ. ಆಮೇಲೆ ನನ್ನ ಮುಖ ನೋಡಿ, "ಇವಳಿಗೆ ಹೇಳಿಲ್ವಾ?" ಎಂದು ಕೇಳಿ, ಬಂದ ಹಾಗೇ ಜಾರಿಕೊಂಡ. ಅತ್ತೆ ಸ್ಟೂಲಿನಿಂದ ಎದ್ದು ಅವನ ಹಿಂದೆಯೇ ಹೊರಗೆ ಹೋದರು.

ಕೊಳವೆಯ ತುದಿಯಲ್ಲಿ ಬಿಸಿ ಗಾಜು ಇರುವಾಗ ಊದುವವನು ಎಲ್ಲಿಗೂ ಹೋಗುವಂತಿಲ್ಲ. ತಿರುಗಿಸುವುದು ನಿಂತರೆ ಗಾಜು ನೆಲಕ್ಕೆ ಇಳಿಯುತ್ತದೆ. ಇವರು ನನ್ನೆದುರು ಸಿಕ್ಕಿಬಿದ್ದಿದ್ದರು.

"ಯಾವಾಗ ಒಪ್ಕೊಂಡ್ರಿ?" ಎಂದೆ. ಕೂಗಲಿಲ್ಲ.

"ಪ್ರದರ್ಶನ ಮುಗಿಸ್ಕೊಂಡು ಬಂದ ಮೇಲೆ."

"ನಾನು ಇಷ್ಟು ದಿನ ಒದ್ದಾಡ್ತಾ ಇರೋದು ಯಾರಿಗೋಸ್ಕರ?"

"ಅದಕ್ಕೇ ಒಪ್ಕೊಂಡೆ" ಎಂದರು. ಕೊಳವೆ ತಿರುಗುತ್ತಲೇ ಇತ್ತು. "ನೀನು ಅಲ್ಲಿ ಹೋಗೋರು ಬರೋರಿಗೆಲ್ಲ ಕಾರ್ಡ್ ಕೊಡ್ತಾ ನಗ್ತಾ ನಿಂತಿದ್ದೆ. ಒಬ್ಬ ಕಾರ್ಡ್ ಇಸ್ಕೊಂಡು ನಿನ್ನೆದುರಿಗೇ ಅದರ ಮೂಲೆಯಿಂದ ಹಲ್ಲು ಕೆದಕಿದ. ಆಗಲೂ ನೀನು ನಗ್ತಾನೇ ಇದ್ದೆ. ನನಗೆ ನೋಡಕ್ಕಾಗಲಿಲ್ಲ ಕಣೇ."

ಅದನ್ನು ಯಾರೂ ನೋಡಿಲ್ಲವೆಂದುಕೊಂಡಿದ್ದೆ. ನನಗೆ ಕಣ್ಣು ತುಂಬಿ ಬಂತು, ಅದರ ಹಿಂದೆಯೇ ಎಲ್ಲಿಲ್ಲದ ಸಿಟ್ಟೂ ಬಂತು.

"ಅವನು ಹಲ್ಲಾದ್ರೂ ಕೆದಕಲಿ, ಕಿವಿಯಾದ್ರೂ ಕೆದಕಲಿ, ನನಗೇನು? ನಿಮ್ಮ ಗಾಜು ನಾಲ್ಕು ಜನ ನೋಡಲಿ ಅಂತ ನಾನು ನಿಂತಿದ್ದೆ. ಇಷ್ಟಪಟ್ಟು ನಿಂತಿದ್ದೆ. ನನ್ನ ಕೇಳದೆ ಅದನ್ನ ಬಿಟ್ಟುಕೊಡೋಕೆ ನೀವು ಯಾರು?"

ಇವರು ನನ್ನ ಮುಖವನ್ನೇ ನೋಡುತ್ತಾ ನಿಂತುಬಿಟ್ಟರು. ಕೊಳವೆ ತಿರುಗುವುದು ನಿಧಾನವಾಯಿತು. ಆಮೇಲೆ ಎಚ್ಚೆತ್ತವರ ಹಾಗೆ ಕೊಳವೆಯ ಕಡೆ ತಿರುಗಿ, ಕೆಲಸ ಮುಗಿಸಿ ಗಾಜನ್ನು ಗೂಡಿನೊಳಗಿಟ್ಟು ಬಾಗಿಲು ಹಾಕಿದರು. ಅದು ಹೇಗೆ ಬಂದಿದೆ ಎಂದು ನಾನು ನೋಡಲಿಲ್ಲ. ನನಗೆ ಅಳುವುದಿತ್ತು, ಮನೆಗೆ ಹೋಗಿ ಅತ್ತುಬಿಟ್ಟೆ.

ಬೆಳಿಗ್ಗೆ ಗೂಡು ತೆರೆದರು. ದೀಪವನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಕತ್ತು ವಾಲಿತ್ತು. ಅಭ್ಯಾಸಬಲದಿಂದ ಎಲ್ಲಿ ಹಲಗೆಯ ಮೇಲಿಡುತ್ತಾರೋ ಎಂದು ನಾನು ಓಡಿಹೋಗಿ ಅಡ್ಡ ನಿಂತೆ.

"ಒಡೆಯಲ್ಲ" ಎಂದರು. "ಎಲ್ಲಿಂದ ವಾಲ್ತು ಅಂತ ನೋಡ್ತಿದ್ದೆ. ನೋಡು, ನೀನು ಇಷ್ಟಪಟ್ಟು ನಿಂತಿದ್ದೆ ಅಂದ್ಯಲ್ಲ, ಇಲ್ಲಿಂದ." ಬೆರಳಿನಿಂದ ಆ ಜಾಗವನ್ನು ಸವರಿ ತೋರಿಸಿದರು.

ಕೆನ್ನೆಯಮ್ಮ ಬಂದು ನೋಡಿದರು. ಹೆಚ್ಚು ಮಾತಿಲ್ಲ, "ಇದೇ" ಎಂದರು. ಪೂರ್ತಿ ಹಾಲಿನ ಕೆಲಸ ನಮ್ಮದಾಯಿತು. ಅವರು ಓಣಿ ದಾಟುವ ಮೊದಲೇ ಇವರು ಅಣ್ಣನಿಗೆ ಫೋನ್ ಮಾಡಿ ಆ ಕುರ್ಚಿ ನೀನೇ ಇಟ್ಕೋ ಎಂದರು. ಅತ್ತೆ ತಾವು ಹಂಚಿದ್ದರ ಲೆಕ್ಕ ಒಪ್ಪಿಸಿ ಮಗನಿಂದ ಶಹಬ್ಬಾಸ್ ಅನ್ನಿಸಿಕೊಳ್ಳಲು ನೋಡಿದರು, ಸಿಗಲಿಲ್ಲ.

ಮಧ್ಯಾಹ್ನ ಇವರು ಗಾಜು ಸುತ್ತಿ ತೆಗೆದು ನನ್ನನ್ನು ಕರೆದರು. ನಾನು ಹೋಗಿ ಎದುರಿಗೆ ನಿಂತೆ. ಇಡೀ ಹಾಲಿಗೆ ಆಗುವಷ್ಟು ಜಗಳ ಎಲ್ಲಿಂದ ತರಲಿ ಎಂದು ನನಗೆ ಆಗಲೇ ಯೋಚನೆ ಹತ್ತಿತ್ತು. "ಇವತ್ತು ಬೈಯೋಕೆ ಏನೂ ತೋಚ್ತಾ ಇಲ್ಲ ಕಣ್ರೀ" ಎಂದೆ.

"ಬೈಬೇಡ. ಸುಮ್ನೆ ಏನಾದ್ರೂ ಮಾತಾಡ್ತಿರು" ಎಂದರು. "ಜಗಳದಿಂದ ಅಲ್ಲ ಅದು ವಾಲೋದು. ನೀನು ನಿಜವಾಗಿ ಸಿಟ್ಟಾಗಿ ಬೈದಾಗ ಮಾತ್ರ ನಾನು ಗಾಜು ಬಿಟ್ಟು ನಿನ್ನ ಕಡೆ ನೋಡ್ತಿದ್ದೆ. ಇನ್ಮೇಲೆ ಹಾಗೇ ನೋಡ್ತೀನಿ."

ನೋಡಿದರು ಕೂಡ. ನೋಡುತ್ತಲೇ ನಿಂತರು. ಇಷ್ಟು ವರ್ಷ ಬಾಯಿ ಮುಚ್ಚದ ನನಗೆ ಆಗ ಒಂದು ಮಾತೂ ಹೊರಡಲಿಲ್ಲ. ಮುಖವೆಲ್ಲ ಬಿಸಿಯಾಯಿತು, ಕುಲುಮೆಯಿಂದ ಅಷ್ಟು ದೂರದಲ್ಲಿ ನಿಂತಿದ್ದರೂ.

"ಗಾಜು ನೋಡ್ರೀ" ಎಂದೆ ಕೊನೆಗೆ, "ಕೆಳಗೆ ಬೀಳ್ತಾ ಇದೆ."