ಹಿಂದೆ ಬಿದ್ದ ಅಲೆ

ಈ ಪ್ರಸಂಗವನ್ನು ನಾನು ಇಬ್ಬರ ಬಾಯಿಂದ ಕೇಳಿದ್ದೇನೆ. ಒಬ್ಬಾಕೆ ಆ ನಾಟಕ ತಂಡದ ಉಡುಪು ಹೊಲಿಯುವವಳು, ಇನ್ನೊಬ್ಬ ಪರದೆಯ ಹಗ್ಗ ಎಳೆಯುವವನು. ಒಂದೇ ಒಂದು ಕಡೆ ಇಬ್ಬರ ಮಾತು ಬೇರೆಯಾಗುತ್ತದೆ. ಆ ಜಾಗ ಬಂದಾಗ ತಿಳಿಸುತ್ತೇನೆ.

ತಂಡವೆಂದರೆ ಮುಖ್ಯವಾಗಿ ಒಂದು ಕುಟುಂಬ. ಅಪ್ಪ ನಗಾರಿ ಬಾರಿಸುತ್ತಿದ್ದ. ಮಗಳು ನಾಯಕಿ. ಮಗ ಲ್ಯಾಪ್‌ಟಾಪಿನ ಮುಂದೆ ಕುಳಿತು ರಂಗದ ಮೇಲೆ ನದಿ ಹರಿಸುತ್ತಿದ್ದ. ಮಕ್ಕಳ ಸೋದರಮಾವ ರಂಗದ ಹಿಂದಿನ ಏರ್ಪಾಡೆಲ್ಲ ನೋಡಿಕೊಳ್ಳುತ್ತಿದ್ದ. ಅವನನ್ನು ಎಲ್ಲರೂ ಕತ್ತಲೆ ಮಾವ ಎನ್ನುತ್ತಿದ್ದರು. ಆಟ ಆರಂಭವಾಯಿತೆಂದರೆ ನೇಪಥ್ಯದಲ್ಲಿ ಒಂದು ಮಿಣುಕು ಬೆಳಕೂ ಕಾಣಬಾರದು ಎಂಬುದು ಅವನ ಹಟ. ಸ್ವಿಚ್ಚಿನ ಕೆಂಪು ದೀಪಕ್ಕೂ ಕಪ್ಪು ಬಟ್ಟೆ ಹೊದಿಸುತ್ತಿದ್ದ. ಬಿಟ್ಟರೆ ಇವನು ಪ್ರೇಕ್ಷಕರ ಕಣ್ಣಿಗೂ ಬಟ್ಟೆ ಕಟ್ಟಿಯಾನು ಎಂದು ಅಪ್ಪ ರೇಗಿಸುತ್ತಿದ್ದನಂತೆ.

ನಾಟಕದ ಕೊನೆಯಲ್ಲಿ ನಾಯಕಿ ಎತ್ತರದ ದಿಬ್ಬದ ಅಂಚಿನಲ್ಲಿ ಬೆನ್ನು ತಿರುಗಿಸಿ ನಿಂತು, ಹಿಂದಕ್ಕೆ ಪ್ರವಾಹಕ್ಕೆ ಬೀಳಬೇಕು. ಪ್ರವಾಹವೆಂದರೆ ರಂಗದ ಮುಂದೆ ಇಳಿಬಿಟ್ಟ ತೆಳುಪರದೆಯ ಮೇಲೆ ಮೂಡುವ ಅಲೆ. ಅದು ದಿಬ್ಬದ ಬುಡ ಮುಟ್ಟಿದಾಗ, ಅದರ ಮರೆಯಲ್ಲಿ ನಾಲ್ವರು ದಪ್ಪ ಬಟ್ಟೆ ಚಾಚಿ ಹಿಡಿದು ಓಡಿಬಂದು ಅವಳನ್ನು ಹಿಡಿಯಬೇಕು. ಅವರಿಗೆ ಅಲೆಯೇ ಸನ್ನೆ. ಅವಳಿಗೆ ಅಲೆ ಕಾಣುವುದಿಲ್ಲ. ನಗಾರಿಯ ಕೊನೆಯ ಪೆಟ್ಟೇ ಅವಳ ಸನ್ನೆ. ಅಲೆಯೂ ಪೆಟ್ಟೂ ಒಟ್ಟಿಗೆ ಬರುವಂತೆ ಅಪ್ಪನೂ ಮಗನೂ ತಾಲೀಮು ಮಾಡಿದ್ದರು.

ತಾಲೀಮೆಲ್ಲ ಹಗಲು, ಕಿಟಕಿ ತೆರೆದು ನಡೆದಿತ್ತು. ಮೊದಲ ಪ್ರದರ್ಶನದ ಸಂಜೆ ಮಾವ ಎಂದಿನಂತೆ ಕಪ್ಪು ಬಟ್ಟೆ ಹಿಡಿದು ಹೊರಟ. ಲ್ಯಾಪ್‌ಟಾಪನ್ನು ಮೆತ್ತನೆಯ ದಿಂಬಿನ ಮೇಲಿಟ್ಟು, ಪಕ್ಕದ ಸಂದುಗಳಿಂದಲೂ ಬೆಳಕು ಸೋರದಂತೆ ಉಣ್ಣೆಯ ಬಟ್ಟೆಯನ್ನು ಸುತ್ತ ಒತ್ತಿ ಸಿಕ್ಕಿಸಿದ. ಕೈ ಆಡಿಸಲೂ ನೋಡಲೂ ಒಂದು ಪುಟ್ಟ ಗವಿಯಂಥ ಸಂದಷ್ಟೇ ಉಳಿಯಿತು. ಮಗನೂ ತಡೆಯಲಿಲ್ಲ. ಯಂತ್ರದ ಫ್ಯಾನಿನ ಸದ್ದು ಅಡಗಿತಲ್ಲ ಎಂದು ಸಂತೋಷವನ್ನೇ ಪಟ್ಟ.

ಆ ನದಿ ಮೊದಲೇ ಚಿತ್ರಿಸಿಟ್ಟದ್ದಲ್ಲ. ನಟರ ಚಲನೆಗೆ ತಕ್ಕಂತೆ ತಿರುಗಬೇಕಾದ್ದರಿಂದ ಒಂದೊಂದು ಅಲೆಯನ್ನೂ ಯಂತ್ರ ಆಯಾ ಕ್ಷಣವೇ ಲೆಕ್ಕ ಹಾಕಿ ರಚಿಸುತ್ತಿತ್ತು. ನದಿ ಸಣ್ಣದಾಗಿದ್ದಾಗ ತೊಂದರೆಯಾಗಲಿಲ್ಲ. ಪ್ರವಾಹ ಏರತೊಡಗಿದಂತೆ ಪ್ರೊಸೆಸರಿನ ಮೇಲೆ ಭಾರ ಬಿತ್ತು. ಬಿಸಿಗಾಳಿ ಹೊರಹೋಗಲು ದಾರಿಯಿರಲಿಲ್ಲ. ಮಗನ ಅಂಗೈ ಕೆಳಗೆ ಕೀಲಿಮಣೆಯ ಗುಂಡಿಗಳು ಕಾದವು. ಲ್ಯಾಪ್‌ಟಾಪಿನ ತೆರೆಯ ಮೂಲೆಯಲ್ಲಿದ್ದ ಶಾಖದ ಅಂಕಿ ಕೆಂಪಾಯಿತು.

ಅಷ್ಟು ಕಾದಾಗ ಪ್ರೊಸೆಸರ್ ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದು ಮಗನಿಗೆ ಗೊತ್ತಿತ್ತು. ತಲೆಯೆತ್ತಿ ನೋಡಿದ. ಅಲೆ ರಂಗದ ಬಲ ಅಂಚನ್ನು ಬಿಟ್ಟು ಹೊರಟಿತ್ತು, ಆದರೆ ತೆವಳುತ್ತಿತ್ತು. ನಗಾರಿ ಮುಂದೆ ಹೋಗಿತ್ತು. ಅಕ್ಕ ದಿಬ್ಬದ ಮೆಟ್ಟಿಲು ಹತ್ತುತ್ತಿದ್ದಳು.

ಬಟ್ಟೆಯನ್ನು ಕಿತ್ತೆಸೆದ. ನೇಪಥ್ಯದಲ್ಲಿ ಬೆಳಕು ಚೆಲ್ಲಿತು. ಮಾವ ಧಾವಿಸಿ ಬಂದು ಮತ್ತೆ ಮುಚ್ಚಲು ಕೈ ಹಾಕಿದ. ಮಗ ಆ ಕೈಯನ್ನು ತಳ್ಳಿದ. ದಿಂಬನ್ನು ಎಳೆದು, ಲ್ಯಾಪ್‌ಟಾಪಿನ ಹಿಂದಿನ ಅಂಚಿಗೆ ಮರದ ತುಂಡುಗಳನ್ನು ಕೊಟ್ಟು ಎತ್ತರಿಸಿದ. ಅಲೆಯ ನೊರೆ, ಹನಿ, ಹೊಳಪು ಎಲ್ಲವನ್ನೂ ತೆಗೆದುಹಾಕಿ ಬರಿಯ ನೀರನ್ನಷ್ಟೇ ಉಳಿಸಿದ. ಅಂಕಿ ಇಳಿಯತೊಡಗಿತು. ಅಲೆ ಕೊಂಚ ಚುರುಕಾಯಿತು. ಆದರೂ ಅದು ಇನ್ನು ಪೆಟ್ಟಿನ ಹೊತ್ತಿಗೆ ದಿಬ್ಬ ಮುಟ್ಟುವ ಹಾಗಿರಲಿಲ್ಲ. ಯಂತ್ರ ನಿಲ್ಲಿಸಿದರೆ ಆ ನಾಲ್ವರು ಬರುವುದೇ ಇಲ್ಲ. ಅವರು ನಿಂತಿದ್ದದ್ದು ರಂಗದ ಆಚೆ ಬದಿಯಲ್ಲಿ. ನಗಾರಿಯ ಆ ಅಬ್ಬರದಲ್ಲಿ ಕೂಗಿದರೂ ಅವರಿಗೂ ಅಕ್ಕನಿಗೂ ಕೇಳದು.

ಉಳಿದಿದ್ದವನು ಅಪ್ಪ ಒಬ್ಬನೇ. ಅವನು ಕಣ್ಣು ಮುಚ್ಚಿ ಬಾರಿಸುವವನು. ತನ್ನ ತಾಳ ಯಾರಿಗೂ ಕಾಯುವುದಿಲ್ಲ, ಬೇಕಾದವರು ಅದರ ಹಿಂದೆ ಬರಲಿ ಎನ್ನುವವನು. ಬಾರಿಸುವಾಗ ಅವನನ್ನು ಮುಟ್ಟುವ ಧೈರ್ಯ ಹೆಂಡತಿಗೂ ಇರಲಿಲ್ಲವಂತೆ.

ಮಗ ಓಡಿಹೋಗಿ ಅಪ್ಪನ ಒಂದು ಮುಂಗೈ ಹಿಡಿದ. ಇಲ್ಲಿಯೇ ಇಬ್ಬರ ಹೇಳಿಕೆ ಕವಲೊಡೆಯುವುದು. ಮಗ ಬಾಯಿ ಬಿಡಲೇ ಇಲ್ಲ, ಸುಮ್ಮನೆ ಪರದೆಯ ಕಡೆ ಬೆರಳು ಮಾಡಿದ ಎನ್ನುತ್ತಾನೆ ಹಗ್ಗದವನು. ಹೊಲಿಯುವವಳು ಹತ್ತಿರದಲ್ಲೇ ಇದ್ದಳು. ಅವಳ ಕಿವಿಗೆ ಬಿದ್ದದ್ದು ಇಷ್ಟು:

"ಅಪ್ಪಾ, ನೀರು ಹಿಂದೆ ಬಿದ್ದಿದೆ. ಕೆಳಗೆ ಯಾರೂ ಇಲ್ಲ."

ಅಪ್ಪ ಕಣ್ಣು ತೆರೆದ. ಸಿಟ್ಟಿನಿಂದ ಮೊದಲು ಮಗನನ್ನು ನೋಡಿದ, ಆಮೇಲೆ ಪರದೆಯನ್ನು. ಅವನ ಕೈ ಸಡಿಲವಾಯಿತು. ನಗಾರಿ ನಿಲ್ಲಲಿಲ್ಲ, ಆದರೆ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಜಾಗ ಹುಟ್ಟಿತು. ಆ ಜಾಗ ಹಿಗ್ಗಿತು. ಮೇಲೆ ಅಂಚಿನಲ್ಲಿ ನಿಂತ ಮಗಳ ಹಿಮ್ಮಡಿ ಆಗಲೇ ಹಲಗೆಯಿಂದಾಚೆ ಚಾಚಿತ್ತು. ತಾಳ ಎಳೆಯುತ್ತಿರುವುದು ತಿಳಿದು ಅವಳ ಬೆನ್ನು ಬಿಗಿಯಿತು. ಕಾಲ್ಬೆರಳ ಮೇಲೆ ಮೈಭಾರ ಹೊತ್ತು ನಿಂತಳು.

ಅಪ್ಪ ಕೊನೆಯ ಪೆಟ್ಟಿಗೆ ಕೋಲೆತ್ತಿ ಹಾಗೇ ಹಿಡಿದ. ನೊರೆಯಿಲ್ಲದ ಮಂಕು ಅಲೆ ಮುಂದೆ ಮುಂದೆ ಸರಿದು ದಿಬ್ಬದ ಬುಡಕ್ಕೆ ತಾಗಿತು. ನಾಲ್ವರು ಬಟ್ಟೆ ಚಾಚಿ ನುಗ್ಗಿದರು. ಅವರು ಕಾಲೂರಿ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅಪ್ಪನ ಕೋಲು ಇಳಿಯಿತು.

ಅವಳು ಬಿದ್ದಳು. ಬಟ್ಟೆ ತುಂಬಿ ಜಗ್ಗಿತು, ಹರಿಯಲಿಲ್ಲ.

ಪರದೆ ಇಳಿದ ಮೇಲೆ ಅವಳು ನೇರ ನಗಾರಿಯ ಬಳಿಗೆ ಬಂದಳು. ಮುಖದ ಬಣ್ಣ ಬೆವರಿಗೆ ಹರಿದಿತ್ತು.

"ಏನಪ್ಪಾ ಇವತ್ತು, ಬಾರಿಸ್ತಾ ಬಾರಿಸ್ತಾ ನಿದ್ದೆ ಹೋದ್ಯಾ? ನನ್ನ ಜೀವ ಬಾಯಿಗೆ ಬಂದಿತ್ತು."

"ವಯಸ್ಸಾಯ್ತಲ್ಲಮ್ಮ" ಎಂದ ಅಪ್ಪ. ಅಂಥ ಮಾತು ಅವನ ಬಾಯಲ್ಲಿ ಅದೇ ಮೊದಲು.

ತಮ್ಮನಿಗೆ ಅದನ್ನು ಕೇಳಿಕೊಂಡಿರಲು ಆಗಲಿಲ್ಲ. ಯಂತ್ರ ಕಾದದ್ದು, ಅಲೆ ಹಿಂದಾದದ್ದು, ಕೆಳಗೆ ಯಾರೂ ಇಲ್ಲದಿದ್ದದ್ದು, ಬಟ್ಟೆ ಮುಚ್ಚಿದಾಗ ತಾನೂ ತಡೆಯದಿದ್ದದ್ದು ಎಲ್ಲವನ್ನೂ ತಡವರಿಸುತ್ತ ಹೇಳಿದ. ಮಾವ ಗೋಡೆಗೆ ಒರಗಿ ಕುಳಿತುಬಿಟ್ಟ. ಅಕ್ಕ ಹೋಗಿ ಲ್ಯಾಪ್‌ಟಾಪಿನ ಬೆನ್ನಿಗೆ ಅಂಗೈ ತಾಗಿಸಿ, ಸರಕ್ಕನೆ ಹಿಂದೆಗೆದಳು. ಆ ಬಿಸಿ ಕೈಯಲ್ಲೇ ತಮ್ಮನ ಕಿವಿ ಹಿಡಿದು ತಿರುಚಿದಳು. ನೋಯುವಷ್ಟು ತಿರುಚಿದಳು. ಆಮೇಲೂ ಆ ಕಿವಿಯನ್ನು ಬಿಡದೆ, ಅವನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು ನಿಂತಳು.